ಕತ್ತೆಯ ಎಡಗಾಲಿನ ವರದಿ

ಬಸ್ ಡಿಪೋದ ಸ್ಟೋರಿಗೆ ಕಂಬಿ ಹಾಕಿದ ಒಂದು ಕಿಟಕಿ ಇದೆ. ಕಿಟಕಿಯ ಆಚೆ ನಿಂತವರಿಗೆ ಬೋಲ್ಟು ಬೇಕು, ಈಚೆ ಕೂತವನಿಗೆ ಕಾಗದ ಬೇಕು. ಇಪ್ಪತ್ತೆರಡು ವರ್ಷದಿಂದ ಈಚೆ ಕೂತವನೇ ನಮ್ಮ ಸ್ಟೋರಪ್ಪ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದ್ದೀತು, ಅದು ಸಂಬಳದ ಚೀಟಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ.

ಬೋಲ್ಟಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಅಂತ ಇಲ್ಲ. ಯಾವುದು ಯಾವ ಗೂಡಿನಲ್ಲಿದೆ, ಎಷ್ಟು ದಪ್ಪ, ಎಷ್ಟು ಉದ್ದ, ತಲೆ ಎಂಥದ್ದು, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಬಿಗಿ ಮಾಡುವುದೊಂದು ಗೊತ್ತಿಲ್ಲ, ಅದು ಕಿಟಕಿಯ ಆಚೆಯವರ ಕೆಲಸ. ಅವನ ಇಡೀ ಜೀವಮಾನದ ಹೆಮ್ಮೆ ಒಂದೇ: ಅವನ ಸ್ಟೋರಿನಲ್ಲಿ ಇವತ್ತಿನವರೆಗೆ ಒಂದು ಮೊಳೆಗೂ ತುಕ್ಕು ಹಿಡಿದಿಲ್ಲ. ಅವನ ಸುಪರ್ದಿಗೆ ಬಂದ ಯಾವ ಸಾಮಾನೇ ಆಗಲಿ, ಮೊದಲು ಬಟ್ಟೆಯಲ್ಲಿ ಒರೆಸಿ, ಆಮೇಲೆ ಎಣ್ಣೆ ಸವರಿ, ಆಮೇಲೆ ಗೂಡಿಗೆ ಇಡುತ್ತಾನೆ. ತುಕ್ಕು ಎಂಬ ಮಾತನ್ನು ಅವನೆದುರು ಆಡಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ.

ಅವನ ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಮುನ್ನೂರು ಯಂತ್ರ ಒಟ್ಟಿಗೆ ಓಡುವ ಹಾಲಿನಲ್ಲಿ ನಿಂತು, ಮೂರನೇ ಸಾಲಿನ ಎಂಟನೆಯದು ಸರಿಯಿಲ್ಲ ಎಂದು ಕಿವಿಯಿಂದಲೇ ಹೇಳುವವಳು. ಮನೆಯಲ್ಲಿ ನಲ್ಲಿ ಸೋರಿದರೆ ರಿಪೇರಿ ಮಾಡುವವಳು ಅವಳೇ. ಸ್ಟೋರಪ್ಪ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತು, ಸೋರುತ್ತಿರುವ ಭಾಗದ ಅಳತೆಯನ್ನು ಗಂಭೀರವಾಗಿ ಪ್ರಕಟಿಸುತ್ತಾನೆ. ಇಬ್ಬರಿಗೂ ಇದು ಒಗ್ಗಿಹೋಗಿತ್ತು.

ಹೀಗಿರುವಾಗ ಊರಿನ ಕಾರ್ಖಾನೆಗಳ ನಡುವೆ ರೋಬೋ ಸ್ಪರ್ಧೆ ಅಂತ ಒಂದು ಬಂತು. ರೋಬೋ ಹನ್ನೆರಡು ದಾರದ ಉಂಡೆಗಳನ್ನು ಹೊತ್ತು, ಹಾಲಿನ ಈ ತುದಿಯಿಂದ ಆ ತುದಿಗೆ ಮೂರು ನಿಮಿಷದಲ್ಲಿ ಮುಟ್ಟಿಸಬೇಕು. ದಾರಿಯಲ್ಲಿ ಒಂದು ಬಿಡಿಭಾಗ ಕಳಚಿ ಬಿದ್ದರೂ ಆ ತಂಡ ಔಟ್. ಗಾರ್ಮೆಂಟ್ಸಿನವರು ಸೂಟ್‌ಕೇಸಿನಷ್ಟು ದೊಡ್ಡದೊಂದು ಯಂತ್ರ ಕಟ್ಟಿದರು. ನಾಲ್ಕು ಚಕ್ರ, ಚಕ್ರಕ್ಕೆ ನಾಲ್ಕರಂತೆ ಹದಿನಾರು ಬೋಲ್ಟು. ಹೊರೆ ಹೊರುತ್ತದೆ, ಮನಸ್ಸು ಬಂದಲ್ಲಿ ನಿಲ್ಲುತ್ತದೆ ಅಂತ ಅದಕ್ಕೆ ಕತ್ತೆ ಎಂದು ಹೆಸರಿಟ್ಟರು. ವೈರಿನ ಕೆಲಸಕ್ಕೂ ಓಡಿಸುವುದಕ್ಕೂ ಎಲೆಕ್ಟ್ರಿಕಲ್ ವಿಭಾಗದ ಹೆಂಗಸು, ಅವಳನ್ನು ಎಲ್ಲರೂ ವೈರಕ್ಕ ಅನ್ನುತ್ತಿದ್ದರು. ಚಕ್ರ ಮತ್ತು ಬೋಲ್ಟಿನ ಹೊಣೆ ಸ್ಟೋರಪ್ಪನ ಹೆಂಡತಿಯದು. ಕಾರ್ಖಾನೆಯ ಸ್ಪ್ಯಾನರನ್ನು ಹೆಂಗಸಿನ ಕೈಗೆ ಅಧಿಕೃತವಾಗಿ ಕೊಟ್ಟದ್ದು ಅದೇ ಮೊದಲು. ಅವಳು ಅದನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ಕಾರ್ಖಾನೆಗೆ ಸುಣ್ಣಬಣ್ಣ ನಡೆಯುತ್ತಿದ್ದರಿಂದ ಕತ್ತೆಯನ್ನು ಹನ್ನೆರಡು ದಿನ ಇವರ ಮನೆಯ ಉದ್ದನೆಯ ಮುಂಗೋಣೆಯಲ್ಲಿ ಇಡುವುದೆಂದಾಯಿತು. ಜೊತೆಗೆ ಬಂದ ಸೂಪರ್‌ವೈಸರು ಕಾಫಿ ಕುಡಿಯುತ್ತ ಕೇಳಿದರು. "ನೀವು ಬಸ್ ಡಿಪೋದಲ್ಲಿ ಅಂತೆ. ಮೆಕ್ಯಾನಿಕಲ್ಲಾ?"

ಸ್ಟೋರಪ್ಪ ಬೆನ್ನು ನೆಟ್ಟಗೆ ಮಾಡಿದ. "ಇಪ್ಪತ್ತೆರಡು ವರ್ಷ ಆಯ್ತು ಸಾರ್, ಬೋಲ್ಟಿನ ಜೊತೆಗೇ ಜೀವನ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ತೊಂದರೆ. ಸೂಪರ್‌ವೈಸರು ಲೋಟ ಕೆಳಗಿಟ್ಟು ಕೈ ಕುಲುಕಿ, "ಹಾಗಾದ್ರೆ ನೀವೇ ನಮ್ಮ ತಾಂತ್ರಿಕ ಸಲಹೆಗಾರರು" ಎಂದುಬಿಟ್ಟರು. ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಗಂಡ ಗೋಡೆಯ ಕ್ಯಾಲೆಂಡರ್ ನೋಡಿದ.

ಅವರು ಹೋದ ಮೇಲೆ ಅವಳು ಹೇಳಿದ್ದು ಒಂದೇ ಮಾತು. "ಇದನ್ನ ಯಾರೂ ಮುಟ್ಟಬಾರದು. ಸಲಹೆಗಾರರಂತೂ ಮುಟ್ಟಲೇಬಾರದು."

ಅವಳದು ಮೊದಲ ಪಾಳಿ, ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಾಳೆ. ಸ್ಟೋರಪ್ಪ ಹೊರಡುವುದು ಒಂಬತ್ತಕ್ಕೆ. ನಡುವಿನ ಮೂರೂವರೆ ಗಂಟೆ ಮನೆಯಲ್ಲಿ ಅವನು, ಬೆತ್ತದ ಕುರ್ಚಿಯಲ್ಲಿ ಅವನ ತಾಯಿ, ಮಧ್ಯೆ ಕತ್ತೆ. ಅವನು ಅದರ ಸುತ್ತ ಒಂದು ಸುತ್ತು ಬಂದ. ಬಗ್ಗಿ ನೋಡಿದ. ಬೋಲ್ಟಿನ ತಲೆಯ ಕೆಳಗೆಲ್ಲ ಏನೋ ನೀಲಿ ಮೆತ್ತಿಕೊಂಡಿದೆ! ಹೆಂಡತಿಯ ಸ್ಪ್ಯಾನರ್ ತೆಗೆದು ಹೇಗೋ ತಿಣುಕಾಡಿ ಒಂದನ್ನು ಬಿಚ್ಚಿದರೆ, ತಿರುಪಿನ ಮರೆಯ ಸುತ್ತುಗಳ ತುಂಬಾ ನೀಲಿ ಪುಡಿ.

"ಗಾರ್ಮೆಂಟ್ಸಿನವರ ಬುದ್ಧಿ!" ಎಂದು ತಾಯಿಗೆ ತೋರಿಸಿದ. "ಬಟ್ಟೆ ಮೇಲೆ ಗುರುತು ಹಾಕೋ ಸೀಮೆಸುಣ್ಣ ನೋಡಮ್ಮ, ಬೋಲ್ಟಿಗೂ ಮೆತ್ತಿದ್ದಾರೆ. ನಾಲ್ಕು ದಿನ ಹೀಗೇ ಬಿಟ್ರೆ ತು..." ಮುಂದಿನ ಅಕ್ಷರ ಅವನ ಬಾಯಲ್ಲಿ ಬರಲಿಲ್ಲ.

ಮುಟ್ಟಬಾರದು ಎಂಬ ಆಜ್ಞೆ ನೆನಪಿತ್ತು. ಆದರೆ ಅವನು ಮುಟ್ಟುತ್ತಿಲ್ಲ, ದಾಸ್ತಾನನ್ನು ಸಂರಕ್ಷಿಸುತ್ತಿದ್ದಾನೆ. ಎಡಗಡೆಯ ಮುಂದಿನ ಚಕ್ರದಿಂದ ಶುರುಮಾಡಿದ. ಒಂದೊಂದೇ ಬೋಲ್ಟು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ನೀಲಿಯನ್ನೆಲ್ಲ ಕೆರೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಅದರ ಜಾಗದಲ್ಲಿಟ್ಟು ಬೆರಳಲ್ಲಿ ತಿರುಗುವಷ್ಟು ತಿರುಗಿಸಿದ. ಅದಕ್ಕಿಂತ ಹೆಚ್ಚು ಬಿಗಿ ಮಾಡುವುದು ಸ್ಟೋರಿನವರ ಕೆಲಸವಲ್ಲ. ಮೂರು ಚಕ್ರ ಮುಗಿಯುವಷ್ಟರಲ್ಲಿ ಸ್ನಾನದ ಹೊತ್ತಾಯಿತು. ಬಲಗಡೆಯ ಹಿಂದಿನ ಚಕ್ರ ನಾಳೆಗೆ ಉಳಿಯಿತು. ಗೆದ್ದ ದಿನ ಈ ಸೇವೆಯ ವಿಷಯ ಹೆಂಡತಿಗೆ ಹೇಳಿ ಅವಳ ಮುಖ ನೋಡಬೇಕು ಅಂತ ಮನಸ್ಸಿನಲ್ಲೇ ಹಿಗ್ಗಿದ. ತಾಯಿ ಬಟಾಣಿ ಸುಲಿಯುತ್ತ ಎಲ್ಲವನ್ನೂ ನೋಡುತ್ತಿದ್ದಳು.

ಸಂಜೆ ಮೊದಲ ಪರೀಕ್ಷೆ. ವೈರಕ್ಕ ರಿಮೋಟ್ ಒತ್ತಿದಳು. ಕತ್ತೆ ನಾಲ್ಕು ಹೆಜ್ಜೆ ನೆಟ್ಟಗೆ ಹೋಯಿತು. ಐದನೆಯದಕ್ಕೆ ಎಡಗಾಲು ಕುಂಟಿ, ಎಡಕ್ಕೆ ತಿರುಗಿ, ತಾಯಿಯ ಬೆತ್ತದ ಕುರ್ಚಿಗೆ ಗುದ್ದಿತು. ತಾಯಿ ಎರಡೂ ಕಾಲು ಮೇಲೆತ್ತಿ, ಬಟಾಣಿ ಸುಲಿಯುವುದನ್ನು ಮುಂದುವರಿಸಿದಳು. ಒಂದು ಬೋಲ್ಟು ಟಣ್ಣನೆ ಹಾರಿ, ಉರುಳಿ, ಬಾಲ್ಕನಿಯ ಸಂದಿಯಲ್ಲಿ ಮಾಯವಾಯಿತು. ಕೆಳಗಿನಿಂದ ಯಾರೋ ಅಯ್ಯೋ ಎಂದರು.

ಕೆಳಗೆ ಇರುವುದು ಮನೆ ಮಾಲೀಕರ ಕನ್ನಡಕದ ಅಂಗಡಿ. ಎರಡೇ ನಿಮಿಷದಲ್ಲಿ ಮಾಲೀಕರು ಬೋಲ್ಟನ್ನು ಚಿಮಟದಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಬಾಗಿಲ ಹತ್ತಿರ ಗಿರಾಕಿಯನ್ನ ಕೂರಿಸಿ ಕಣ್ಣು ಪರೀಕ್ಷೆ ಮಾಡ್ತಿದ್ದೆ. ಕೊನೇ ಸಾಲು ಕಾಣ್ತಿದೆಯಾ ಅಂದೆ. ಅಷ್ಟರಲ್ಲಿ ಇದು ತಲೆ ಮೇಲೆ ಬಿತ್ತು. ನಕ್ಷತ್ರ ಕಾಣ್ತಿದೆ ಅಂದ. ಈಗ ಅವನಿಗೆ ಯಾವ ನಂಬರಿನ ಕನ್ನಡಕ ಕೊಡಲಿ?"

ಸ್ಟೋರಪ್ಪ ಬೋಲ್ಟನ್ನು ಬೆಳಕಿಗೆ ಹಿಡಿದ. "ಆರು ಎಂಎಂ ದಪ್ಪ, ಇಪ್ಪತ್ತು ಎಂಎಂ ಉದ್ದ, ಆರು ಮೂಲೆ ತಲೆ. ನಮ್ಮದೇ."

ಸಲಹೆಗಾರನ ಮೊದಲ ರೋಗನಿದಾನ ಆಗಲೇ ಹೊರಬಿತ್ತು: ನೆಲ ಎಡಕ್ಕೆ ಇಳಿದಿದೆ, ವಾಟವಾಗಿದೆ. ಈ ಮಾತು ಮರುದಿನವೇ ಹೆಂಡತಿಯ ತಮ್ಮನ ಕಿವಿ ಮುಟ್ಟಿತು. ಅವನು ಟೈಲ್ಸ್ ಹಾಕುವವನು, ಆ ನೆಲ ಹಾಕಿದವನೂ ಅವನೇ. ನಡುವೆ ಗಾಳಿಗುಳ್ಳೆಯಿರುವ ನೀರುಮಟ್ಟದ ಪಟ್ಟಿಯನ್ನು ಕತ್ತಿಯಂತೆ ಹಿಡಿದುಕೊಂಡು ಬಂದ.

"ನನ್ನ ನೆಲಕ್ಕೆ ವಾಟ ಅಂದವರು ಯಾರು? ನೋಡಿ ಭಾವ, ಗುಳ್ಳೆ ನೋಡಿ! ಎಲ್ಲಿದೆ ಗುಳ್ಳೆ?"

"ಮಧ್ಯದಲ್ಲೇ ಇದೆ."

"ಇನ್ನೊಂದು ಸಲ ಜೋರಾಗಿ ಹೇಳಿ."

ಗುಳ್ಳೆ ಮಧ್ಯದಲ್ಲಿದೆ ಎಂದು ಸ್ಟೋರಪ್ಪ ಬಾಲ್ಕನಿಗೆ ಕೇಳುವಂತೆ ಹೇಳಬೇಕಾಯಿತು. ಭಾವಮೈದ ಅಷ್ಟಕ್ಕೇ ಬಿಡಲಿಲ್ಲ. ಕತ್ತೆಯನ್ನು ಹಿಂದುಮುಂದಾಗಿ ತಿರುಗಿಸಿ ಓಡಿಸಲು ಹೇಳಿದ. ಅದು ಆಗಲೂ ತನ್ನ ಎಡಕ್ಕೇ ತಿರುಗಿ ಎದುರುಗಡೆಯ ಗೋಡೆಗೆ ಗುದ್ದಿತು. "ನೆಲದ ತಪ್ಪಾಗಿದ್ರೆ ಅದು ಮೊದಲಿನ ಗೋಡೆಗೇ ಹೋಗ್ಬೇಕಿತ್ತಲ್ಲ!" ಎಂದು ಗರ್ಜಿಸಿ, ಇನ್ನು ಈ ಮನೆಯಲ್ಲಿ ಒಂದು ತೊಟ್ಟು ನೀರು ಮುಟ್ಟುವುದಿಲ್ಲ ಎಂದು ಘೋಷಿಸಿ, ಎರಡನೇ ಲೋಟ ಕಾಫಿ ಮುಗಿಸಿ ಹೊರಟುಹೋದ.

ಹೆಂಡತಿ ಮಾತ್ರ ಕ್ರಮವಾಗಿ ಹುಡುಕಿದಳು. ಎಡಗಡೆಯ ಮುಂದಿನ ಚಕ್ರವನ್ನು ಬಿಚ್ಚಿ ಬಲಗಡೆಯ ಹಿಂದಕ್ಕೆ ಹಾಕಿದಳು. ದೋಷ ಚಕ್ರದ್ದಾದರೆ ಚಕ್ರದ ಜೊತೆಗೇ ಹಿಂದಕ್ಕೆ ಹೋಗಬೇಕು. ಮರುದಿನ ಸಂಜೆ ನೋಡಿದರೆ ಎಲ್ಲಕ್ಕಿಂತ ಸಡಿಲವಾಗಿದ್ದದ್ದು ಮತ್ತೆ ಎಡಗಡೆಯ ಮುಂದಿನದೇ. ಮೋಟಾರು ಅದಲುಬದಲು ಮಾಡಿದಳು, ಮತ್ತೆ ಅದೇ ಕಾಲು. ಬೆರಳಿಗೆ ಹತ್ತಿದ ಜಿಡ್ಡನ್ನು ಮೋಟಾರಿನ ಗ್ರೀಸು ಎಂದುಕೊಂಡು, ದಿನಾ ಸಂಜೆ ಹದಿನಾರು ಬೋಲ್ಟನ್ನೂ ಹೊಸದಾಗಿ ಬಿಗಿ ಮಾಡಿದಳು, ಒಂದು ಹನಿ ಹಾಕುತ್ತಿದ್ದ ಕಡೆ ಎರಡು ಹನಿ ನೀಲಿ ಹಾಕಿದಳು. ಮರುದಿನ ಬೆಳಿಗ್ಗೆ ಸ್ಟೋರಪ್ಪನಿಗೆ ಎರಡರಷ್ಟು ನೀಲಿ ಸಿಕ್ಕಿತು. ಹಿಂದಿನ ದಿನವಷ್ಟೇ ಥಳಥಳ ಮಾಡಿಟ್ಟದ್ದು! ಹೇಳುವವರಿಲ್ಲ ಕೇಳುವವರಿಲ್ಲ ಎಂದು ಗೊಣಗುತ್ತ ಬ್ರಷ್ಷು ಎತ್ತಿಕೊಂಡ. ಹೀಗೆ ಗಂಡಹೆಂಡಿರಿಬ್ಬರೂ ಒಂದೇ ಬೋಲ್ಟಿಗೆ ಬೆಳಿಗ್ಗೆ ಸಂಜೆ ಬೆವರು ಸುರಿಸಿ, ಯಾರೋ ತಮ್ಮ ಶ್ರಮ ಹಾಳುಮಾಡುತ್ತಿದ್ದಾರೆಂದು ಒಂದೇ ಸಮನೆ ಸಿಡಿಮಿಡಿಗೊಂಡರು.

ಐದನೇ ದಿನ ಅವನಿಗೆ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ, "ಕೆಲಸದ ಜಾಗದಲ್ಲಿ ಸೀಮೆಸುಣ್ಣ ಸ್ವಲ್ಪ ಕಡಿಮೆ ಬಳಸಿದ್ರೆ ಒಳ್ಳೇದು" ಅಂದ.

"ಯಾವ ಸೀಮೆಸುಣ್ಣ?"

"ಸುಮ್ಮನೆ ಹೇಳಿದೆ. ಸಾಮಾನ್ಯವಾಗಿ."

ಅವಳ ತಲೆ ತುಂಬಾ ಎಡಗಾಲೇ ಇತ್ತು, ಮುಂದೆ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಆರನೇ ದಿನ ಅವಳು ಬಿಳಿ ಬಣ್ಣ ತಂದಳು. ಬಿಗಿ ಮಾಡಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಚಕ್ರದ ಮೇಲಕ್ಕೆ ಒಂದೊಂದು ಸಣ್ಣ ಗೆರೆ ಎಳೆದಳು. ಬೋಲ್ಟು ತಾನಾಗಿ ತಿರುಗಿದರೆ ತಲೆಯ ಮೇಲಿನ ಗೆರೆ ಒಂದು ಕಡೆ, ಚಕ್ರದ ಮೇಲಿನ ಗೆರೆ ಇನ್ನೊಂದು ಕಡೆ ಆಗುತ್ತದೆ. ಎಷ್ಟು ತಿರುಗಿತು ಅಂತ ಕಣ್ಣಿಗೇ ಕಾಣುತ್ತದೆ. ವೈರಕ್ಕ ಭೇಷ್ ಎಂದಳು.

ಬೆಳಿಗ್ಗೆ ಸ್ಟೋರಪ್ಪನೂ ಭೇಷ್ ಎಂದ. ಕೊನೆಗೂ ಗಾರ್ಮೆಂಟ್ಸಿನವರಿಗೆ ಅಂದಚೆಂದದ ಅರಿವು ಬಂತು! ಇಂಥ ಮುದ್ದಾದ ಗೆರೆಯನ್ನು ಕೆಡಿಸಬಾರದು ಅಂತ ಅವತ್ತಿನಿಂದ ಇನ್ನೂ ಜಾಗ್ರತೆ ಮಾಡಿದ. ಬೋಲ್ಟನ್ನು ಬಿಚ್ಚಿ, ಕೆರೆದು, ಎಣ್ಣೆ ಹಾಕಿ, ವಾಪಸ್ ಇಡುವಾಗ ತಲೆಯ ಗೆರೆ ಚಕ್ರದ ಗೆರೆಗೆ ಸರಿಯಾಗಿ ಕೂಡುವಂತೆ ತಿರುಗಿಸಿಟ್ಟ. ಕನ್ನಡಕ ಹಾಕಿಕೊಂಡು ಹದಿನಾರನ್ನೂ ಕೂಡಿಸಿದ. ಡಿಪೋಗೆ ಇಪ್ಪತ್ತು ನಿಮಿಷ ತಡವಾಯಿತು.

ಸಂಜೆ ಎಲ್ಲರೂ ಕತ್ತೆಯ ಸುತ್ತ ಬಗ್ಗಿ ನೋಡಿದರು. ಗೆರೆಗಳೆಲ್ಲ ನೆಟ್ಟಗಿದ್ದವು. ಬೋಲ್ಟುಗಳೆಲ್ಲ ಸಡಿಲವಾಗಿದ್ದವು.

"ತಿರುಗದೇ ಹೇಗೆ ಸಡಿಲ ಆಗತ್ತೆ?" ಹೆಂಡತಿ ನೆಲದ ಮೇಲೆ ಕೂತುಬಿಟ್ಟಳು. "ಹೇಗೆ ಸಾಧ್ಯ?"

ಮಾಲೀಕರನ್ನು ಕರೆಸಿದರು. ಅವರು ಅಂಗಡಿಯ ಭೂತಗನ್ನಡಿ ತಂದು, ಒಂದೊಂದು ಗೆರೆಯನ್ನೂ ಉಸಿರು ಬಿಗಿಹಿಡಿದು ನೋಡಿ ತೀರ್ಪು ಕೊಟ್ಟರು. "ಕೂದಲೆಳೆಯಷ್ಟೂ ಅತ್ತಿತ್ತ ಆಗಿಲ್ಲ. ಮೂವತ್ತು ವರ್ಷ ಕಣ್ಣು ನೋಡಿದ್ದೀನಿ, ಇಷ್ಟು ಸರಿಯಾಗಿ ಕೂಡಿದ ಗೆರೆ ನೋಡಿಲ್ಲ."

ಸ್ಟೋರಪ್ಪ ನಾಚಿ ತಲೆ ತಗ್ಗಿಸಿದ. ಯಾರೂ ಗಮನಿಸಲಿಲ್ಲ.

ಸುದ್ದಿ ಕೇಳಿ ಸೂಪರ್‌ವೈಸರು ಬಂದರು. ಸ್ಪರ್ಧೆಗೆ ಉಳಿದದ್ದು ನಾಲ್ಕೇ ದಿನ. "ಸಲಹೆಗಾರರೇ, ಏನು ಕಾರಣ ಅಂತ ಬರವಣಿಗೆಯಲ್ಲಿ ಕೊಡಿ. ಮೇಲಿನವರಿಗೆ ತೋರಿಸ್ಬೇಕು."

ಬರವಣಿಗೆ ಎಂಬ ಮಾತು ಕೇಳಿದರೆ ಸ್ಟೋರಪ್ಪನಿಗೆ ಮೈಮೇಲೆ ಬರುತ್ತದೆ. ಮರುದಿನ ಡಿಪೋದಲ್ಲಿ ಕೂತು ಮೂರು ಪ್ರತಿ ತಯಾರಿಸಿ, ಸೀಲು ಒತ್ತಿ, ಕಾರ್ಖಾನೆಗೆ ತಾನೇ ಮುಟ್ಟಿಸಿದ. ವರದಿ ಹೀಗಿತ್ತು:

"ವಿಷಯ: ಕತ್ತೆಯ ಎಡಗಾಲು. ಪರಿಶೀಲನೆ: ಬಿಳಿ ಗೆರೆಗಳು ಸ್ವಸ್ಥಾನದಲ್ಲಿವೆ. ಆದ್ದರಿಂದ ಬೋಲ್ಟುಗಳು ಬಿಗಿಯಾದ ಮೇಲೆ ಸಡಿಲವಾಗಿಲ್ಲ. ಆದ್ದರಿಂದ ಮೊದಲೇ ಬಿಗಿಯಾಗಿರಲಿಲ್ಲ. ಷರಾ: ಬಿಗಿ ಮಾಡುವ ಕೈಯಲ್ಲಿ ಬಲ ಸಾಲದು."

ಯಾರ ಕೈ ಎಂದು ಅವನು ಬರೆದಿರಲಿಲ್ಲ. ಅವನಿಗೆ ಹೊಳೆದೂ ಇರಲಿಲ್ಲ. ಆದ್ದರಿಂದ, ಆದ್ದರಿಂದ ಎಂದು ಲೇಖನಿ ಎಳೆದುಕೊಂಡು ಹೋದ ಕಡೆ ಹೋಗಿದ್ದ. ಆದರೆ ಇಡೀ ತಂಡದಲ್ಲಿ ಸ್ಪ್ಯಾನರ್ ಹಿಡಿಯುವ ಕೈ ಒಂದೇ ಇತ್ತು.

ಆ ಸಂಜೆ ಹೆಂಡತಿ ಮೂರನೇ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು.

"ನೀವು ಬರೆದಿದ್ದಾ?"

"ವರದಿ ಅಲ್ವಾ... ತರ್ಕದ ಪ್ರಕಾರ ಬಂದಿದ್ದು."

"ನನ್ನ ಕೈಯಲ್ಲಿ ಬಲ ಇಲ್ಲ."

"ಇಲ್ಲ ಅಂದಿಲ್ಲ. ಸಾಲದು ಅಂದಿದೆ."

ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. ಚಕ್ರದ ಹೊಣೆಯನ್ನು ಪ್ಯಾಕಿಂಗ್ ವಿಭಾಗದ ಪೈಲ್ವಾನನಿಗೆ ಕೊಟ್ಟಾಗಿತ್ತು. ಅವನು ಎರಡು ಗಂಟು ಬಟ್ಟೆಯನ್ನು ಒಂದೊಂದು ಕಂಕುಳಲ್ಲಿ ಎತ್ತುವವನು. ಇವಳು ಸ್ಪರ್ಧೆಯ ದಿನ ದಾರದ ಉಂಡೆ ಎಣಿಸಿ ಕೊಟ್ಟರೆ ಸಾಕು ಅಂದಿದ್ದರು. ಕತ್ತೆಯನ್ನೂ ಕಾರ್ಖಾನೆಗೆ ಒಯ್ದರು. ಸ್ಪ್ಯಾನರ್ ಸುತ್ತಿದ್ದ ಹೊಸ ಟವೆಲನ್ನು ಅವಳು ಮಡಿಸಿ ಡ್ರಾಯರಿನಲ್ಲಿಟ್ಟು ಮುಚ್ಚಿದಳು. ಆ ಡ್ರಾಯರು ಮುಚ್ಚಿದ ಸದ್ದಿಗೆ ಸ್ಟೋರಪ್ಪ ತಲೆ ಎತ್ತಿದ. ತಾನು ದೊಡ್ಡ ತಪ್ಪು ಮಾಡಿದ್ದೇನೆ ಎಂದು ಗೊತ್ತಾಯಿತು, ಏನು ಎಂದು ಮಾತ್ರ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನಿಗೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲು ಬರಲಿಲ್ಲ. ಕಾಫಿಪುಡಿಯದೂ ಬರಲಿಲ್ಲ. ಕೂದಲಿಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟು, ನೀರಿನ ಬಾಟಲಿ, ಮನೆಯಲ್ಲಿ ಯಾವುದಕ್ಕೆ ಮುಚ್ಚಳವಿದೆಯೋ ಅದೆಲ್ಲವೂ ಕಲ್ಲಾಗಿ ಕೂತಿತ್ತು. ಬಟ್ಟೆ ಸುತ್ತಿ ತಿರುಗಿಸಿದ, ಬಾಗಿಲ ಸಂದಿಗಿಟ್ಟು ತಿರುಗಿಸಿದ, ಮಂಡಿ ನಡುವೆ ಇಟ್ಟುಕೊಂಡು ತಿರುಗಿಸಿದ. ಮೂರು ದಿನ ಸಕ್ಕರೆಯಿಲ್ಲದೆ, ಕಾಫಿಯಿಲ್ಲದೆ, ಕೆದರಿದ ತಲೆಯಲ್ಲೇ ಡಿಪೋಗೆ ಹೋದ.

"ಸಕ್ಕರೆ ಡಬ್ಬಿ ತೆಗೆಯೋಕೆ ಆಗದವನು ಬಲದ ಮೇಲೆ ವರದಿ ಬರೀತಾನೆ" ಎಂದಳು ತಾಯಿ, ಬಟಾಣಿಗೆ.

ಸ್ಪರ್ಧೆ ಶನಿವಾರ ಮಧ್ಯಾಹ್ನ. ಅವತ್ತು ಬೆಳಿಗ್ಗೆ ಸ್ಟೋರಿಗೆ ಹೊಸ ಪೆಟ್ಟಿಗೆಯೊಂದು ಬಂತು. ಹೊಸ ಮಾದರಿಯ ಬಸ್ಸುಗಳಿಗೆ ಬೇಕಾದ ಹೊಸ ಸಾಮಾನು. ಇಂಥದ್ದು ಆ ಕಿಟಕಿಯೊಳಗೆ ಹಿಂದೆಂದೂ ಬಂದಿರಲಿಲ್ಲ. ಸ್ಟೋರಪ್ಪ ಪುಸ್ತಕದಲ್ಲಿ ಬರೆದುಕೊಳ್ಳಲು ಒಂದು ಪುಟ್ಟ ಬಾಟಲಿ ತೆಗೆದು ಅಲುಗಾಡಿಸಿದ. ಬೆರಳಿಗೆ ಒಂದು ಹನಿ ತಾಗಿತು. ನೀಲಿ.

ಆ ನೀಲಿಯನ್ನು ಅವನು ಏಳೆಂಟು ಬೆಳಿಗ್ಗೆ ಕೆರೆದಿದ್ದ, ಮರೆಯುವುದುಂಟೆ? ಕಿಟಕಿಯಾಚೆ ಡಿಪೋದ ಹಿರಿಯ ಫೋರ್‌ಮನ್ ನಿಂತಿದ್ದರು.

"ಇದೇನು ಮೇಸ್ತ್ರಿ?"

"ಬೋಲ್ಟಿಗೆ ಹಾಕೋ ಅಂಟು. ಮರೆಗೆ ಒಂದು ಹನಿ ಹಾಕಿ ಬಿಗಿ ಮಾಡಿದ್ರೆ ಎಷ್ಟು ಕುಲುಕಿದ್ರೂ ಸಡಿಲ ಆಗಲ್ಲ. ಒಣಗಿದ್ಮೇಲೆ ಬಿಚ್ಚಿದ್ರೆ ಪುಡಿಪುಡಿ ಆಗಿರತ್ತೆ. ಎಣ್ಣೆ ಮಾತ್ರ ಸೋಕಬಾರದು, ಸೋಕಿದ್ರೆ ಮುಗೀತು."

ಸ್ಟೋರಪ್ಪ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟ. "ಒಂದು ವೇಳೆ ಯಾರಾದ್ರೂ ಅದನ್ನ ಕೆರೆದು ತೆಗೆದು, ಚೆನ್ನಾಗಿ ಎಣ್ಣೆ ಹಾಕಿಟ್ರೆ?"

ಫೋರ್‌ಮನ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಥ ಮಹಾಪುರುಷ ಎಲ್ಲಿರ್ತಾನೆ ಸ್ಟೋರಪ್ಪ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ಫೋರ್‌ಮನ್ ಎದುರಿಗೆ ನಿಂತಿರುವಾಗಲೇ, ಕಿಟಕಿ ದಢಾರನೆ ಮುಚ್ಚಿತು. ಮಹಾಪುರುಷ ಹಿಂಬಾಗಿಲಿನಿಂದ ಓಡುತ್ತಿದ್ದ. ಓಡುತ್ತಲೇ ಎಲ್ಲವೂ ಒಂದೊಂದಾಗಿ ತಲೆಗೆ ಹೊಕ್ಕಿತು. ನೆಲ ಸರಿಯಿತ್ತು. ಮೋಟಾರು ಸರಿಯಿತ್ತು. ಚಕ್ರ ಸರಿಯಿತ್ತು. ಅವಳ ಕೈ ಎಲ್ಲಕ್ಕಿಂತ ಸರಿಯಿತ್ತು, ಅದಕ್ಕೆ ಸಕ್ಕರೆ ಡಬ್ಬಿಯೇ ಸಾಕ್ಷಿ.

ಸ್ಪರ್ಧೆಯ ಹಾಲಿನಲ್ಲಿ ಏಳು ತಂಡ, ಏಳು ಮೇಜು. ಗಾರ್ಮೆಂಟ್ಸಿನವರ ಸರದಿ ಐದನೆಯದು. ಸ್ಟೋರಪ್ಪ ಏದುಸಿರು ಬಿಡುತ್ತ ಮೇಜಿನ ಹತ್ತಿರ ಬರುವುದಕ್ಕೂ, ಪೈಲ್ವಾನ್ ಹಲ್ಲು ಕಚ್ಚಿ ಸ್ಪ್ಯಾನರನ್ನು ಕೊನೆಯ ಬಾರಿ ಅಮುಕುವುದಕ್ಕೂ ಸರಿಹೋಯಿತು. ಟಪ್ ಎಂದಿತು. ಬೋಲ್ಟಿನ ತಲೆ ಪೈಲ್ವಾನನ ಅಂಗೈಯಲ್ಲಿತ್ತು, ಮೈ ಚಕ್ರದೊಳಗಿತ್ತು.

"ಬೆಣ್ಣೆ ಥರ ಹೋಗ್ತಿತ್ತು ಸಾರ್" ಎಂದು ಪೈಲ್ವಾನ್ ಅಳುಮೋರೆ ಮಾಡಿದ. "ನಾನು ಇನ್ನೂ ಶುರುನೇ ಮಾಡಿರಲಿಲ್ಲ."

"ಎಣ್ಣೆ!" ಎಂದು ಸ್ಟೋರಪ್ಪ ಕೂಗಿದ. "ಎಣ್ಣೆ ಇದ್ರೆ ಜಾರತ್ತೆ, ಎಲ್ಲಿ ನಿಲ್ಲಿಸ್ಬೇಕು ಅಂತ ಕೈಗೆ ಗೊತ್ತಾಗಲ್ಲ! ಸಾರ್, ನನ್ನ ವರದಿ ತಪ್ಪು."

ಸೂಪರ್‌ವೈಸರು ಕನ್ನಡಕದ ಮೇಲಿಂದ ನೋಡಿದರು. "ಅದಕ್ಕೆ ಸೀಲು ಇದೆಯಲ್ರೀ."

"ಸೀಲೂ ತಪ್ಪು. ಸ್ಪ್ಯಾನರ್ ವಾಪಸ್ ಅವಳಿಗೆ ಕೊಡಿ."

ಹೆಂಡತಿ ಮೇಜಿನ ಆ ಕೊನೆಯಲ್ಲಿ ದಾರದ ಉಂಡೆ ಎಣಿಸುತ್ತಿದ್ದಳು. ತಲೆ ಎತ್ತಲಿಲ್ಲ. ಆದರೆ ಎಣಿಕೆ ನಿಂತಿತು.

ತೀರ್ಪುಗಾರ್ತಿ ಬಂದು ನಿಯಮ ಹೇಳಿದರು. ಪೈಲ್ವಾನನನ್ನು ಸೇರಿಸಲು ಕೊಟ್ಟ ಅರ್ಜಿಗೆ ಆ ವರದಿ ಲಗತ್ತಾಗಿದೆ. ಮತ್ತೆ ಆಳು ಬದಲಾಗಬೇಕಾದರೆ ಕಾರಣ ಬರವಣಿಗೆಯಲ್ಲಿ ಬರಬೇಕು, ಮೈಕಿನಲ್ಲಿ ಓದಬೇಕು. ಸ್ಟೋರಪ್ಪ ಒಂದು ಕ್ಷಣ ಮೈಕನ್ನೂ ಹಾಲಿನ ತುಂಬಾ ಕೂತ ಜನವನ್ನೂ ನೋಡಿದ. ಎರಡನೇ ಸಾಲಿನಲ್ಲಿ ಭಾವಮೈದ, ಪಕ್ಕದಲ್ಲಿ ಮಾಲೀಕರು, ಅವರ ಪಕ್ಕದಲ್ಲಿ ತಾಯಿ. ಆಮೇಲೆ ಕೂತು ಬರೆದ. ಜೀವಮಾನದಲ್ಲೇ ಅವನು ಬರೆದ ಅತ್ಯಂತ ಚಿಕ್ಕ ವರದಿ ಅದು. ತೀರ್ಪುಗಾರ್ತಿ ಅದನ್ನು ಸ್ಪಷ್ಟವಾದ ದನಿಯಲ್ಲಿ ಓದಿದರು.

"ವಿಷಯ: ಕತ್ತೆಯ ಎಡಗಾಲು, ತಿದ್ದುಪಡಿ. ಬೋಲ್ಟಿನ ಅಂಟನ್ನು ಕೊಳೆಯೆಂದು ತಿಳಿದು ಪ್ರತಿ ಬೆಳಿಗ್ಗೆ ಕೆರೆದು ಎಣ್ಣೆ ಹಾಕಲಾಗಿದೆ. ಗೆರೆಗಳನ್ನು ಅಂದಕ್ಕಾಗಿ ಕೂಡಿಸಲಾಗಿದೆ. ಹೀಗೆ ಮಾಡಿದವರು: ಈ ವರದಿ ಬರೆದವರು. ಷರಾ: ಬಿಗಿ ಮಾಡುವ ಕೈಯಲ್ಲಿ ಬಲ ಬೇಕಾದಷ್ಟಿದೆ."

ಹಾಲಿನಲ್ಲಿ ಕೂತವರೆಲ್ಲ ಬಿದ್ದುಬಿದ್ದು ನಕ್ಕರು. ಹಿಂದಿನಿಂದ ಯಾರೋ ಇನ್ನೊಂದು ಸಲ ಓದಿ ಎಂದರು. "ನೆಲ ಅಂದ್ರಲ್ಲ ಭಾವ!" ಎಂದು ಭಾವಮೈದ ಎದ್ದು ನಿಂತು ಕೂಗಿದ. ಹಾಗಾದರೆ ಆ ಗೆರೆ ಕೂಡಿಸಿದ್ದು ಮನುಷ್ಯರ ಕೈಯೇ ಎಂದು ಮಾಲೀಕರು ಬೆರಗಾದರು.

ಹೆಂಡತಿ ಎದ್ದು ಬಂದಳು. ಅವಳ ಮುಖದಲ್ಲಿ ಸಿಟ್ಟಿತ್ತು, ಬೇಕಾದಷ್ಟಿತ್ತು. ಅದರ ಹಿಂದೆ, ಹನ್ನೊಂದು ದಿನದ ಮೇಲೆ ಸರಿಯಾಗಿ ಉಸಿರಾಡಿದವಳ ನಿರಾಳವೂ ಇತ್ತು.

"ಹದಿನಾರಕ್ಕೂ?"

"ಬಲಗಡೆ ಹಿಂದಿನದಕ್ಕೆ ಎಷ್ಟೋ ದಿನ ಟೈಮ್ ಸಿಗಲಿಲ್ಲ. ಎಡಗಡೆ ಮುಂದಿನದಕ್ಕೆ ದಿನಾ. ಅದು ಮೊದಲು ಅಲ್ವಾ..."

"ಅದಕ್ಕೇ ಎಡಕ್ಕೆ" ಎಂದಳು ಅವಳು, ತನಗೇ ಹೇಳಿಕೊಂಡಂತೆ. ಸೂಪರ್‌ವೈಸರು ಎರಡೂ ಕೈಯಲ್ಲಿ ಸ್ಪ್ಯಾನರ್ ಚಾಚಿದರು. ಅದನ್ನು ತೆಗೆದುಕೊಂಡು ಗಡಿಯಾರ ನೋಡಿದಳು. "ನಲವತ್ತು ನಿಮಿಷ ಇದೆ. ಅಂಟು ಅರ್ಧ ಗಂಟೆಗೆ ಒಂದು ಮಟ್ಟಿಗೆ ಹಿಡಿಯತ್ತೆ. ಆ ಮುರಿದ ಚಕ್ರಕ್ಕೆ ಮೂರೇ ಸಾಕು, ಮೂರೂ ಗಟ್ಟಿ ಇದ್ರೆ." ಆಮೇಲೆ ಗಂಡನ ಕಡೆ ತಿರುಗಿ ಥಿನ್ನರಿನ ಡಬ್ಬಿ ತಳ್ಳಿದಳು. "ಹದಿನೈದು ಬೋಲ್ಟು. ಎಣ್ಣೆ ಒಂದು ತೊಟ್ಟು ಉಳೀಬಾರದು. ತೊಳೀರಿ."

ಸ್ಟೋರಪ್ಪ ತೊಳೆದ. ಜೀವಮಾನವಿಡೀ ಎಣ್ಣೆ ಹಾಕಿದ ಕೈಯಿಂದಲೇ ಮರೆಯ ಒಂದೊಂದು ಸುತ್ತನ್ನೂ ಒರೆಸಿ, ಊದಿ ಒಣಗಿಸಿ, ಸಾಲಾಗಿ ಕೊಟ್ಟ. ಅವಳು ಹನಿ ಹಾಕಿ, ಕೂರಿಸಿ, ಬಿಗಿ ಮಾಡಿ, ಬಿಳಿ ಗೆರೆ ಎಳೆದಳು. ಸ್ಪ್ಯಾನರನ್ನು ಪ್ರತಿ ಬಾರಿ ಒಂದೇ ಜಾಗದಲ್ಲಿ ನಿಲ್ಲಿಸಿದಳು. ಪೈಲ್ವಾನ್ ಬಾಯಿ ತೆರೆದುಕೊಂಡು ನೋಡಿದ.

ಕತ್ತೆ ಹೊರಟಿತು. ನಾಲ್ಕು ಹೆಜ್ಜೆ, ಐದು ಹೆಜ್ಜೆ, ಆರು. ತಾಯಿ ಅಭ್ಯಾಸಬಲದಿಂದ ಎರಡನೇ ಸಾಲಿನಲ್ಲಿ ಕಾಲು ಮೇಲೆತ್ತಿದಳು. ಕತ್ತೆ ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ನಡುದಾರಿಯಲ್ಲಿ ತನಗೇ ಗೊತ್ತಿರುವ ಕಾರಣಕ್ಕೆ ಹತ್ತು ಸೆಕೆಂಡು ನಿಂತು ಯೋಚಿಸಿತು, ವೈರಕ್ಕ ಬೈದ ಮೇಲೆ ಮತ್ತೆ ನಡೆಯಿತು. ಏಳು ತಂಡದಲ್ಲಿ ಮೂರನೇ ಸ್ಥಾನ. ಓಟ ಮುಗಿದ ಮೇಲೆ ತೀರ್ಪುಗಾರ್ತಿ ಬಗ್ಗಿ ಗೆರೆಗಳನ್ನು ನೋಡಿ, ಬೋಲ್ಟುಗಳನ್ನು ಬೆರಳಲ್ಲಿ ಅಲುಗಾಡಿಸಿ, ಇದನ್ನು ಬಿಗಿ ಮಾಡಿದವರು ಮುಂದಿನ ವರ್ಷವೂ ಬರಲಿ ಎಂದು ಕಾಗದದಲ್ಲಿ ಬರೆದರು.

ಮನೆಗೆ ಬಂದ ಮೇಲೆ ಹೆಂಡತಿ ಅತ್ತೆಯನ್ನು ಕೇಳಿದಳು. "ನಿಮಗೆ ಗೊತ್ತಿತ್ತಾ?"

"ದಿನಾ ನೋಡ್ತಿದ್ದೆನಲ್ಲ" ಎಂದಳು ಅತ್ತೆ. "ಎಲ್ಲರೂ ನೆಲ ನೋಡಿದ್ರು, ಗೆರೆ ನೋಡಿದ್ರು, ಗುಳ್ಳೆ ನೋಡಿದ್ರು. ನನ್ನನ್ನ ಯಾರು ಕೇಳಿದ್ರು?"

ಮರುದಿನ ಬೆಳಿಗ್ಗೆ ಸ್ಟೋರಪ್ಪ ಎದ್ದಾಗ ಅಡುಗೆಮನೆಯ ಡಬ್ಬಿಗಳೆಲ್ಲ ಸಲೀಸಾಗಿ ತೆರೆದವು. ಮೂರು ದಿನದ ಸಕ್ಕರೆಯನ್ನು ಒಂದೇ ಲೋಟಕ್ಕೆ ಹಾಕಿಕೊಂಡು ಕುಡಿದ. ಮನಸ್ಸು ಹಗುರವಾಯಿತು. ಮುಂಬಾಗಿಲು ತೆಗೆದಾಗ ಕೀಲು ಕಿರ್ರ್ ಎಂದಿತು. ಪಾಪ, ಹನ್ನೆರಡು ದಿನದಿಂದ ಅದನ್ನು ನೋಡಿದವರಿಲ್ಲ. ಒಂದೇ ಒಂದು ತೊಟ್ಟು ಎಂದುಕೊಂಡು ಕಪಾಟಿನ ಮೂಲೆಯಿಂದ ತನ್ನ ಎಣ್ಣೆ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದ. ತಿರುಗಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದ. ತಿರುಗಲಿಲ್ಲ. ಬೆಳಕಿಗೆ ಹಿಡಿದು ನೋಡಿದ.

ಮುಚ್ಚಳದ ಅಂಚಿನಲ್ಲಿ ಒಂದಿಷ್ಟು ನೀಲಿ ಇತ್ತು. ಮುಚ್ಚಳದಿಂದ ಡಬ್ಬಿಯ ಮೇಲಕ್ಕೆ, ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ, ಒಂದು ಬಿಳಿ ಗೆರೆ ಎಳೆದಿತ್ತು.